ಅಸಿಟೇಟ್, ಫಾಸ್ಫೇಟ್, ಟ್ರಿಸ್: ಮೂರಕ್ಕೂ ಆಮ್ಲ ಹಾಕಿ ನೋಡಿದೆ

ಬಫರ್ ಅಂದರೆ ಆಮ್ಲ, ಕ್ಷಾರ ಬಿದ್ದರೂ ಪಿಎಚ್ (ಆಮ್ಲ-ಕ್ಷಾರದ ಅಳತೆ) ಹೆಚ್ಚು ಅಲುಗದಂತೆ ತಡೆಯುವ ದ್ರಾವಣ. ಯಾವ ಬಫರ್ ಗಟ್ಟಿ ಅಂತ ಕೇಳಿದರೆ ಬಹಳಷ್ಟು ಜನ ಥಟ್ಟನೆ ಫಾಸ್ಫೇಟ್ ಅನ್ನುತ್ತಾರೆ. ಸುಮ್ನೆ ಮಾತಿಗಿಂತ ನೋಡಿಯೇ ಬಿಡೋಣ ಅಂತ ಅಸಿಟೇಟ್, ಫಾಸ್ಫೇಟ್, ಟ್ರಿಸ್ ಮೂರನ್ನೂ 0.1 ಮೋಲಾರ್ (ಲೀಟರಿಗೆ 0.1 ಮೋಲ್) ಮಾಡಿ, ಪಕ್ಕಪಕ್ಕ ಇಟ್ಟು ಆಮ್ಲ ಹಾಕುತ್ತಾ ಹೋದೆ. ತಡೆಯುವ ಶಕ್ತಿಯಲ್ಲಿ ಮೂರೂ ಒಂದೇ. ವ್ಯತ್ಯಾಸ ಇರುವುದೆಲ್ಲ ಬೇರೆ ಕಡೆ.

ಮೊದಲು ತಯಾರಿ, 500 ಮಿ.ಲೀ. ಲೆಕ್ಕದಲ್ಲಿ. ಅಸಿಟೇಟ್ ಎಲ್ಲಕ್ಕಿಂತ ಸುಲಭ: 3.40 ಗ್ರಾಂ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್, 1.43 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲ. ಆಮ್ಲದ ಘಾಟು ಜಾಸ್ತಿ, ಫ್ಯೂಮ್ ಹುಡ್ ಒಳಗೇ ಅಳೆಯಿರಿ. ಫಾಸ್ಫೇಟ್‌ಗೆ 3.40 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಜೊತೆಗೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಈ ಎರಡನೆಯದನ್ನು ತೂಗುವ ಮುಂಚೆ ಬಾಟಲಿಯ ಲೇಬಲ್ ಓದಲೇಬೇಕು. ಆನ್‌ಹೈಡ್ರಸ್ (ಹರಳಿನಲ್ಲಿ ನೀರಿಲ್ಲದ್ದು) ಆದರೆ 3.55 ಗ್ರಾಂ, ಡೈಹೈಡ್ರೇಟ್ (ಎರಡು ನೀರಿನ ಅಣು ಇರುವುದು) ಆದರೆ 4.45, ಡೋಡೆಕಾಹೈಡ್ರೇಟ್ (ಹನ್ನೆರಡು ಇರುವುದು) ಆದರೆ 8.95. ಟ್ರಿಸ್ ಸ್ವಲ್ಪ ತಾಳ್ಮೆ ಕೇಳುತ್ತದೆ: 6.06 ಗ್ರಾಂ ಟ್ರಿಸ್ ಬೇಸನ್ನು 400 ಮಿ.ಲೀ. ನೀರಿನಲ್ಲಿ ಕರಗಿಸಿ, ಪಿಎಚ್ ಮೀಟರ್ ನೋಡುತ್ತಾ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹನಿಹನಿಯಾಗಿ ಹಾಕಬೇಕು. 8.1ಕ್ಕೆ ಇಳಿಯುವಷ್ಟರಲ್ಲಿ ಸುಮಾರು 25 ಮಿ.ಲೀ. ಹೋಗುತ್ತದೆ. ಆಮ್ಲ ಬಿದ್ದಂತೆ ದ್ರಾವಣ ಬೆಚ್ಚಗಾಗುತ್ತದೆ, ಅದು ಆರಿದ ಮೇಲೆ ಪಿಎಚ್ ಇನ್ನೊಮ್ಮೆ ನೋಡಿ ಆಮೇಲೆಯೇ 500ಕ್ಕೆ ತುಂಬಿಸಿ.

ಫಾಸ್ಫೇಟ್‌ನಲ್ಲಿ ಒಂದು ವಿಷಯ ವಿದ್ಯಾರ್ಥಿಗಳನ್ನು ಗಾಬರಿ ಮಾಡುತ್ತದೆ. ಅದರ ಪಿಕೆಎ (ಆಮ್ಲ ರೂಪ, ಬೇಸ್ ರೂಪ ಎರಡೂ ಸಮ ಇರುವ ಪಿಎಚ್) 7.2, ಎರಡು ಲವಣಗಳೂ ಸಮ ಮೋಲ್, ಹಾಗಾಗಿ ಹೆಂಡರ್ಸನ್-ಹ್ಯಾಸೆಲ್‌ಬಾಲ್ಕ್ ಸಮೀಕರಣದ ಪ್ರಕಾರ ಪಿಎಚ್ 7.2 ಬರಬೇಕು. ಮೀಟರ್ ತೋರಿಸುವುದು 6.8. ಮೀಟರ್ ಕೆಟ್ಟಿಲ್ಲ! 7.2 ಅನ್ನುವುದು ತುಂಬಾ ತೆಳುವಾದ ದ್ರಾವಣದ ಬೆಲೆ. ಅಯಾನುಗಳು ಜಾಸ್ತಿಯಾದಂತೆ, ಅದರಲ್ಲೂ ಎರಡು ಋಣ ಚಾರ್ಜ್ ಇರುವ ಫಾಸ್ಫೇಟ್ ಅಯಾನು ಇರುವಲ್ಲಿ, ಅದು ಕೆಳಗಿಳಿಯುತ್ತದೆ. ಮೀಟರ್ ಸರಿಮಾಡಲು ಬಳಸುವ 6.86ರ ಸ್ಟ್ಯಾಂಡರ್ಡ್ ಕೂಡ ಇದೇ ಎರಡು ಲವಣಗಳ 0.025 ಮೋಲಾಲ್ (ಒಂದು ಕಿಲೋ ನೀರಿಗೆ ಒಂದೊಂದೂ 0.025 ಮೋಲ್) ಮಿಶ್ರಣ.

ಈಗ ಪರೀಕ್ಷೆ. ಒಂದೊಂದು ಬೀಕರ್‌ನಲ್ಲಿ 50 ಮಿ.ಲೀ., ಅದಕ್ಕೆ 1 ಮಿ.ಲೀ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ. ಬರೀ ಡಿಸ್ಟಿಲ್ಡ್ ವಾಟರ್ ಆದರೆ ಪಿಎಚ್ ಧಡಕ್ಕನೆ 2.7ಕ್ಕೆ ಬೀಳುತ್ತದೆ. ಮೂರು ಬಫರ್‌ಗಳಲ್ಲೂ ಇಳಿದದ್ದು 0.03 ಆಸುಪಾಸು, ಮೀಟರಿನ ಕೊನೆಯ ಅಂಕಿ ಅಲುಗಾಡಿದ್ದಷ್ಟೇ. ಅದೇ ಬಫರನ್ನು ಹತ್ತು ಪಟ್ಟು ತೆಳು ಮಾಡಿ ಅಷ್ಟೇ ಆಮ್ಲ ಹಾಕಿದರೆ ಇಳಿತ 0.37ರ ಹತ್ತಿರ. ಅಂದರೆ ಬಫರಿನ ಹೆಸರಿಗಿಂತ ಸಾಂದ್ರತೆಯೇ ಮುಖ್ಯ, ಪಿಕೆಎಯಿಂದ ದೂರ ಹೋಗದಿದ್ದರೆ.

ದೂರ ಹೋದರೆ ಏನಾಗುತ್ತದೆ? ಟ್ರಿಸ್‌ನ ಪಿಕೆಎ 8.06. ಕೆಲವರು ಅದನ್ನೇ 7.1ಕ್ಕೆ ಇಳಿಸಿ ಬಳಸುತ್ತಾರೆ. ಅಲ್ಲಿ ಆಮ್ಲವನ್ನು ಹೀರಿಕೊಳ್ಳುವ ಬೇಸ್ ರೂಪ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. 4 ಮಿ.ಲೀ. ಆಮ್ಲ ಹಾಕಿದಾಗ ಫಾಸ್ಫೇಟ್ ಇಳಿದದ್ದು ಸುಮಾರು 0.14, ಈ ಟ್ರಿಸ್ ಸುಮಾರು ಮುಕ್ಕಾಲು ಯೂನಿಟ್. ಅದೇ ದ್ರಾವಣಕ್ಕೆ ಅಷ್ಟೇ ಕ್ಷಾರ ಹಾಕಿದರೆ ಏರುವುದು 0.3 ಮಾತ್ರ. ಆದ್ದರಿಂದ ಆಮ್ಲ, ಕ್ಷಾರ ಎರಡನ್ನೂ ಹಾಕಿ ನೋಡದೆ ಯಾವ ಬಫರಿಗೂ ಸರ್ಟಿಫಿಕೇಟ್ ಕೊಡಬೇಡಿ.

ನನ್ನ ಮಟ್ಟಿಗೆ ನಿಜವಾದ ವ್ಯತ್ಯಾಸ ಗೊತ್ತಾಗುವುದು ಐಸ್ ಬಕೆಟ್‌ನಲ್ಲಿ. ಟ್ರಿಸ್ ಪ್ರತಿ ಡಿಗ್ರಿಗೆ ಸುಮಾರು 0.028ರಂತೆ ಬದಲಾಗುತ್ತದೆ. 25 ಡಿಗ್ರಿಯಲ್ಲಿ 8.1 ಇದ್ದದ್ದು 4 ಡಿಗ್ರಿಗೆ ಬಂದಾಗ 8.7. ಫಾಸ್ಫೇಟ್ ಅದರ ಹತ್ತನೇ ಒಂದು ಪಾಲಷ್ಟು ಅಲುಗಾಡುತ್ತದೆ, ಅಸಿಟೇಟ್ ಇನ್ನೂ ಕಡಿಮೆ. ಬೆಂಗಳೂರಿನ 22 ಡಿಗ್ರಿಯಲ್ಲಿ ಮಾಡಿದ ಟ್ರಿಸ್ ಕಲಬುರಗಿಯ ಬೇಸಿಗೆಯಲ್ಲಿ, 38 ಡಿಗ್ರಿಯ ಕೋಣೆಯಲ್ಲಿ, 0.45ರಷ್ಟು ಕೆಳಗಿರುತ್ತದೆ. ಮೀಟರ್‌ನಲ್ಲಿ ಟೆಂಪರೇಚರ್ ಕಾಂಪೆನ್ಸೇಷನ್ ಇದೆಯಲ್ವಾ ಅಂತ ಕೇಳಬಹುದು. ಅದು ಸರಿಪಡಿಸುವುದು ಎಲೆಕ್ಟ್ರೋಡಿನ ಸ್ಪಂದನೆಯನ್ನು, ಬಫರನ್ನಲ್ಲ. ಯಾವ ಉಷ್ಣತೆಯಲ್ಲಿ ಪ್ರಯೋಗ ನಡೆಯುತ್ತದೋ ಅಲ್ಲೇ ಪಿಎಚ್ ಹೊಂದಿಸಿ.

ಹಾಗಂತ ಫಾಸ್ಫೇಟ್ ಎಲ್ಲಕ್ಕೂ ಆಗುತ್ತದೆ ಅಂತಲ್ಲ. ಕ್ಯಾಲ್ಸಿಯಂ ಇದ್ದರೆ ಬೆಳ್ಳಗೆ ಮಡ್ಡಿ ಕಟ್ಟುತ್ತದೆ. 1 ಮೋಲಾರ್ ಡೈಸೋಡಿಯಂ ಸ್ಟಾಕನ್ನು ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಹರಳು ಕೂರುತ್ತದೆ, ಅದನ್ನು ಬೆಚ್ಚಗೆ ಮಾಡಿ ಪೂರ್ತಿ ಕರಗಿಸದೆ ಮೇಲಿನ ನೀರನ್ನಷ್ಟೇ ತೆಗೆದರೆ ಸಾಂದ್ರತೆಯೇ ತಪ್ಪುತ್ತದೆ. ಹೊರಗಿಟ್ಟರೆ ಬೂಸ್ಟು ಬರುತ್ತದೆ, ಆಟೋಕ್ಲೇವ್ ಮಾಡಿ ಇಡುವುದು ಒಳ್ಳೆಯದು.

ಜೊಲ್ಲಿನ ಅಮೈಲೇಸ್ (ಪಿಷ್ಟ ಒಡೆಯುವ ಕಿಣ್ವ) ಪ್ರಯೋಗಕ್ಕೆ ನಾನು 6.8ರ ಫಾಸ್ಫೇಟನ್ನೇ ಕೊಡುತ್ತೇನೆ. ಡಿಎನ್‌ಎ ಕರಗಿಸಿಡಲು 8.0ರ ಟ್ರಿಸ್, ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ) ಸೇರಿಸಿ. ಫಾಸ್ಫೇಟನ್ನು ಕತ್ತರಿಸಿ ಬಿಡಿಸುವ ಕಿಣ್ವ ಆಸಿಡ್ ಫಾಸ್ಫಟೇಸ್‌ಗೆ ಅಸಿಟೇಟ್. ಆಲ್ಕಲೈನ್ ಫಾಸ್ಫಟೇಸ್ ಮಾಡುವಾಗ ಮಾತ್ರ ಫಾಸ್ಫೇಟ್ ಬಾಟಲಿಯನ್ನು ಮೇಜಿನ ಹತ್ತಿರವೂ ತರಬೇಡಿ, ಆ ಅಯಾನೇ ಕಿಣ್ವದ ಕೆಲಸಕ್ಕೆ ಅಡ್ಡ ಬರುತ್ತದೆ.