ಟಿಟಿ ಚಾವಣಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಔಷಧಿ

ನಮ್ಮ ಮನೆಗಾಡಿ 2008ರ ಟೆಂಪೋ ಟ್ರಾವೆಲರ್. ಮೊದಲು ಟ್ರಾವೆಲ್ಸ್‌ನವರ ಹತ್ತಿರ ಹನ್ನೆರಡು ಸೀಟಿನ ಟಿಟಿಯಾಗಿ ದುಡಿದಿದೆ. ಆಮೇಲೆ ಯಾರೋ ಸೀಟು ಕಿತ್ತು ಮಂಚ, ಸಿಂಕು, ಗ್ಯಾಸ್ ಒಲೆ ಕೂರಿಸಿದರು. ನನ್ನದು ಮೂರನೇ ಕೈ. ಎಂಜಿನ್ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಯಾವ ಊರಿನ ಡೀಸೆಲ್ ಮೆಕ್ಯಾನಿಕ್ ಬೇಕಾದರೂ ಧೈರ್ಯವಾಗಿ ಬಾನೆಟ್ ಎತ್ತುತ್ತಾನೆ. ಚಾವಣಿ ಸೋರುತ್ತಿದೆ ಅಂದರೆ ಮಾತ್ರ ಎಲ್ಲರೂ ಒಂದು ಟ್ಯೂಬ್ ಸಿಲಿಕಾನ್ ತೋರಿಸಿ ಕೈ ತೊಳೆದುಕೊಳ್ಳುತ್ತಾರೆ.

ನನಗೆ ಇದು ಗೊತ್ತಾಗಿದ್ದು ಸಕಲೇಶಪುರದಲ್ಲಿ, ಭಾವನ ತೋಟದ ಕಣದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದ ಒಂದು ಜುಲೈ ರಾತ್ರಿ. ಎರಡು ಗಂಟೆಗೆ ಕೆನ್ನೆ ಮೇಲೆ ಟಪ್ ಅಂತ ಒಂದು ಹನಿ. ಆ ಕಡೆ ಹೊರಳಿದೆ, ಅಲ್ಲೂ ಟಪ್. ನನ್ನವಳು ಎದ್ದು ತಲೆದಿಂಬಿನ ಜಾಗದಲ್ಲಿ ಸ್ಟೀಲ್ ಚೊಂಬು ಇಟ್ಟು, ಡ್ರೈವರ್ ಸೀಟಿಗೆ ಹೋಗಿ ಮಲಗಿದಳು. ಬೆಳಿಗ್ಗೆ ಚೊಂಬಿನಲ್ಲಿ ಕಾಫಿಗೆ ಆಗುವಷ್ಟು ನೀರಿತ್ತು.

ಹನಿ ಬಿದ್ದ ಜಾಗದ ಮೇಲೆ ತೂತು ಇರುತ್ತದೆ ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದೆ. ನೀರು ತಗಡಿನ ಕೆಳಗಿನ ಅಡ್ಡಪಟ್ಟಿ ಹಿಡಿದು ಹರಿದು, ಒಳಗಿನ ಪ್ಲೈವುಡ್‌ಗೆ ಎಲ್ಲಿ ಸಂದು ಸಿಕ್ಕುತ್ತದೋ ಅಲ್ಲಿ ಇಳಿಯುತ್ತದೆ. ಕೊನೆಗೆ ಒಂದು ಭಾನುವಾರ ಎಲ್ಲ ಕಿಟಕಿ ಮುಚ್ಚಿ, ಸಂದುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಧೂಳು ಹೊಡೆಯುವ ಬ್ಲೋವರ್‌ನಿಂದ ಒಳಗೆ ಗಾಳಿ ತುಂಬಿದೆ. ಮಗ ಏಣಿ ಹತ್ತಿ ಚಾವಣಿಯ ತುಂಬ ಸೋಪಿನ ನೀರು ಸವರಿದ. ಸೋಲಾರ್ ಪ್ಯಾನೆಲ್‌ನ ನಾಲ್ಕು ಕಾಲಿನಲ್ಲಿ ಮೂರು ಕಡೆ ಗುಳ್ಳೆ ಎದ್ದಿತು. ಗಾಳಿಕಿಂಡಿಯ ಒಂದು ಮೂಲೆಯಲ್ಲೂ ಬಂತು. ಹನಿ ಬಿದ್ದ ಜಾಗದಿಂದ ಹತ್ತಿರದ ಗುಳ್ಳೆಗೆ ಅಳತೆ ಟೇಪ್ ಹಿಡಿದರೆ ನಾಲ್ಕೂವರೆ ಅಡಿ!

ಪ್ಯಾನೆಲ್ ಕೂರಿಸಿದ ಗ್ಯಾರೇಜಿನವರು ತಗಡಿಗೆ ನೇರ ಸ್ಕ್ರೂ ಹೊಡೆದು, ತಲೆಗಳ ಮೇಲೆ ಸಿಲಿಕಾನ್ ಪಿಚಕ್ ಅನಿಸಿ ಕಳಿಸಿದ್ದರು. ಅದನ್ನೆಲ್ಲ ಕೀಳುವಾಗ ನನಗೊಂದು ಆಸೆ ಹುಟ್ಟಿತು. ಕಾಲು ನಾಲ್ಕು, ಅಂಗಡಿಯವರು ಹೇಳುವ ಮದ್ದೂ ನಾಲ್ಕು. ಒಂದೊಂದು ಕಾಲಿಗೆ ಒಂದೊಂದು ಹಾಕಿ ನೋಡಿಬಿಡೋಣ. ಅದೇ ಬಿಸಿಲು, ಅದೇ ಮಳೆ, ಅದೇ ಹಂಪು. ಇದಕ್ಕಿಂತ ನ್ಯಾಯವಾದ ಪರೀಕ್ಷೆ ಎಲ್ಲಿ ಸಿಗುತ್ತೆ? ಮೈಸೂರಿನಲ್ಲಿ ಗಾಡಿ ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ. ಎರಡು ಮಳೆಗಾಲ, ನಡುವೆ ಒಂದು ಬೇಸಿಗೆ. ಆಗುಂಬೆಗೂ ಹೋಗಿ ಬಂದೆವು. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಊರಲ್ಲಿ ಪಾಸಾದರೆ ಬೇರೆ ಕಡೆ ಕೇಳುವುದೇ ಬೇಡ ಅಲ್ವಾ?

ಮುಂದಿನ ಎಡಗಾಲಿಗೆ ಮಾಮೂಲಿ ಸಿಲಿಕಾನ್ ಹಾಕಿದೆ. ಗಾಜು ಅಂಟಿಸುವವರು ಬಳಸುವುದು, ಹಚ್ಚಿದಾಗ ವಿನಿಗರ್ ವಾಸನೆ ಬರುತ್ತದಲ್ಲ, ಅದೇ. ಅಗ್ಗ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಬಿಸಿಲಿಗೆ ಜಗ್ಗುವುದಿಲ್ಲ. ಮೊದಲ ಮಳೆಗಾಲ ನೀಟಾಗಿ ಕಳೆಯಿತು. ಎರಡನೆಯದರಲ್ಲಿ ಅಂಚು ಉಗುರಿಗೆ ಸಿಕ್ಕಿತು. ಎಳೆದರೆ ಹಲ್ಲಿಯ ಬಾಲದ ಹಾಗೆ ಉದ್ದಕ್ಕೆ ಕಿತ್ತು ಬಂತು. ಕೆಳಗೆ ಸ್ಕ್ರೂ ಸುತ್ತ ತುಕ್ಕು. ವಾಸನೆ ಕೊಡುವ ಅಸಿಟಿಕ್ ಆಮ್ಲವೇ ಬರಿ ತಗಡನ್ನು ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನ್‌ನಲ್ಲಿ ಈ ಕಾಟ ಇಲ್ಲ. ಆದರೆ ಎರಡಕ್ಕೂ ಒಂದು ದೊಡ್ಡ ದೋಷ ಇದೆ. ಅವು ಬಿಟ್ಟುಹೋದ ಜಿಡ್ಡಿನ ಮೇಲೆ ಇನ್ನೇನೂ ಸರಿಯಾಗಿ ಹಿಡಿಯುವುದಿಲ್ಲ. ಬಣ್ಣವೂ ಇಲ್ಲ, ಬೇರೆ ಸೀಲೆಂಟೂ ಇಲ್ಲ, ಹೊಸ ಸಿಲಿಕಾನ್ ಕೂಡ ಇಲ್ಲ. ಬ್ಲೇಡಿನಲ್ಲಿ ಕೆರೆದು, ಉಪ್ಪುಕಾಗದ ತಿಕ್ಕಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಕೆರೆದು... ನನ್ನ ಒಂದು ಇಡೀ ಶನಿವಾರ ಹೋಯಿತು.

ಮುಂದಿನ ಬಲಗಾಲಿನದು ಬೇಗ ಮುಗಿಯುವ ಕಥೆ. ಎರಡು ಬಣ್ಣದ ಉಂಡೆ ಕಲಸಿ ಮೆತ್ತುವ ಎಪಾಕ್ಸಿ ಪುಟ್ಟಿ. ಮನೆಯ ಪೈಪಿಗೆ ದೇವರಂಥದ್ದು. ಕಲ್ಲಿನಂತೆ ಗಟ್ಟಿಯಾಯಿತು, ಏಪ್ರಿಲ್‌ನಲ್ಲಿ ಕೂದಲೆಳೆ ಬಿರುಕು ಬಿಟ್ಟಿತು, ಜೂನ್‌ನಲ್ಲಿ ಸೋರಿತು.

ಯಾಕೆ ಅಂತ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಉಕ್ಕಿನ ತಗಡು ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ನಡು ಮಧ್ಯಾಹ್ನದ ಬಿಸಿಲಿಗೂ ಮಳೆಯ ಸಂಜೆಗೂ ಚಾವಣಿಯಲ್ಲಿ 40 ಡಿಗ್ರಿ ವ್ಯತ್ಯಾಸ ಹಿಡಿದರೆ, ಐದು ಮೀಟರಿಗೆ ಎರಡೂವರೆ ಮಿ.ಮೀ. ಹತ್ತಿರ. ಅಲ್ಯೂಮಿನಿಯಂ ಇದರ ಎರಡರಷ್ಟು ಹಿಗ್ಗುತ್ತದೆ. ಪ್ಯಾನೆಲ್‌ನ ಚೌಕಟ್ಟು ಅಲ್ಯೂಮಿನಿಯಂ, ಕೆಳಗಿನದು ಉಕ್ಕು. ಹಾಗಾಗಿ ದಿನಾ ಇಬ್ಬರೂ ಹಗ್ಗಜಗ್ಗಾಟ ಆಡುತ್ತಾರೆ, ನಡುವೆ ಸ್ಕ್ರೂ. ಅಲ್ಲಿ ಗಟ್ಟಿಯಾಗಿ ನಿಲ್ಲುತ್ತೇನೆ ಅನ್ನುವ ಮದ್ದು ಒಡೆಯಲೇಬೇಕು. ಇದರ ಮೇಲೆ ರಸ್ತೆಯ ಕುಲುಕಾಟ ಬೇರೆ.

ಹಿಂದಿನ ಎಡಗಾಲಿಗೆ ಪಿಯು, ಅಂದರೆ ಪಾಲಿಯುರೆಥೇನ್ ಸೀಲೆಂಟ್. ಮುಂದಿನ ಗಾಜು ಕೂರಿಸುವವರು ಬಳಸುವ ಜಾತಿಯದು. ಸಿಲಿಕಾನ್‌ಗಿಂತ ಡಬಲ್ ರೇಟು ಕೊಟ್ಟೆ. ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. 300 ಮಿ.ಲೀ. ಕಾರ್ಟ್ರಿಜ್ ಸಾಮಾನ್ಯ ಗನ್‌ಗೆ ಕೂರುತ್ತದೆ, 600 ಮಿ.ಲೀ. ಸಾಸೇಜ್ ಪ್ಯಾಕಿಗೆ ಬೇರೆ ಗನ್ ಬೇಕು. ನಾನು ದುಡ್ಡು ಉಳಿಯುತ್ತೆ ಅಂತ ದೊಡ್ಡದು ತಂದು, ಗನ್‌ಗೋಸ್ಕರ ಮತ್ತೆ ಅಂಗಡಿಗೆ ಓಡಿದೆ. ಪಿಯು ಗಾಳಿಯ ತೇವ ಕುಡಿದು ಗಟ್ಟಿಯಾಗುತ್ತದೆ, ಹಾಗಾಗಿ ದಪ್ಪಗೆ ಹಚ್ಚಿದರೆ ಒಳಗೆ ಒಣಗಲು ದಿನಗಟ್ಟಲೆ ಬೇಕು. ಒಮ್ಮೆ ತೆರೆದ ಪ್ಯಾಕ್ ಮುಂದಿನ ತಿಂಗಳಿಗೆ ಉಳಿಯುವುದಿಲ್ಲ, ಒಳಗೇ ಕಲ್ಲಾಗುತ್ತದೆ.

ಹಿಡಿತ ಮಾತ್ರ ರಾಕ್ಷಸನದು. ಎರಡು ಮಳೆಗಾಲ ಕಳೆದರೂ ಒಂದು ಗುಳ್ಳೆ ಇಲ್ಲ, ರಬ್ಬರಿನ ಹಾಗೆ ಮೆತ್ತಗೇ ಇತ್ತು. ಬಿಸಿಲಿಗೆ ಬಿದ್ದ ಮೇಲ್ಮೈ ಮಾತ್ರ ಬೆರಳಿಗೆ ಸೀಮೆಸುಣ್ಣದಂತೆ ಪುಡಿ ಅಂಟಿಸುತ್ತಿತ್ತು. ಕಾರಿನ ಮುಂದಿನ ಗಾಜಿನ ಅಂಚಿನಲ್ಲಿ ಕಪ್ಪು ಪಟ್ಟಿ, ಚುಕ್ಕಿ ಇರುತ್ತದಲ್ಲ, ಅದು ಸುಮ್ನೆ ಚಂದಕ್ಕೆ ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಹಿಂದಿರುವ ಪಿಯು ಅಂಟಿಗೆ ಬಿಸಿಲು ತಾಗಬಾರದು ಅಂತಲೂ ಅದನ್ನು ಬಳಿದಿರುತ್ತಾರೆ. ಚಾವಣಿಯಲ್ಲೂ ಪಿಯು ಒಣಗಿದ ಮೇಲೆ ಒಂದು ಕೈ ಬಣ್ಣ ಹೊಡೆಯಬೇಕು. ಸಿಲಿಕಾನ್ ಬೇಡ ಅನ್ನುವ ಬಣ್ಣವನ್ನು ಇದು ಒಪ್ಪುತ್ತದೆ.

ನಾಲ್ಕನೆಯದು ಬ್ಯೂಟೈಲ್ ಟೇಪ್. ಬಬಲ್‌ಗಮ್‌ನಂಥ ಅಂಟಿನ ಪಟ್ಟಿ. ಇದನ್ನು ಮೇಲೆ ಬಳಿಯುವುದಲ್ಲ, ಕಾಲಿನ ಕೆಳಗೆ ಇಟ್ಟು ಸ್ಕ್ರೂ ಬಿಗಿಯುವುದು. ಎಂದೂ ಗಟ್ಟಿಯಾಗುವುದಿಲ್ಲ, ತಗಡು ಆಡಿದರೆ ತಾನೂ ಜೊತೆಗೆ ಆಡುತ್ತದೆ. ಪೂರ್ತಿ ಬಿಗಿಯಬೇಡಿ, ಸುತ್ತಲೂ ಸ್ವಲ್ಪ ಹೊರಗೆ ಉಬ್ಬುವಷ್ಟು ಸಾಕು. ಎರಡು ದಿನ ಬಿಸಿಲು ಕಾದ ಮೇಲೆ ಇನ್ನೊಂದು ಸುತ್ತು. ಹೊರಬಂದದ್ದನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕತ್ತರಿಸಿ ತೆಗೆದರೆ ಆಯಿತು. ಬೇಸಿಗೆಯಲ್ಲಿ ಅಂಚಿಗೆ ಧೂಳು ಮೆತ್ತಿಕೊಂಡು ಕೊಳಕಾಗಿ ಕಾಣುತ್ತಿತ್ತು. ಗುಳ್ಳೆ ಪರೀಕ್ಷೆಯಲ್ಲಿ ಪಿಯು ಜೊತೆ ಸಮ ಸಮ.

ವ್ಯತ್ಯಾಸ ಗೊತ್ತಾಗಿದ್ದು ಪ್ಯಾನೆಲ್ ಬಿಚ್ಚಿದ ದಿನ. ಬ್ಯೂಟೈಲ್ ಕಾಲು ಸ್ಕ್ರೂ ತೆಗೆದ ಮೇಲೆ ಪುಟ್ಟ ಪಟ್ಟಿ ತೂರಿಸಿ ಎಬ್ಬಿದರೆ ಮೇಲೆ ಬಂತು. ಕೆಳಗಿನ ತಗಡು ಹೊಸದರ ಹಾಗೆ. ಪಿಯು ಕಾಲನ್ನು ಬಿಡಿಸಲು ಗಿಟಾರ್ ತಂತಿಯಂಥ ತೆಳು ಉಕ್ಕಿನ ತಂತಿ ತೂರಿಸಿ ಇಬ್ಬರು ಗರಗಸದ ಹಾಗೆ ಎಳೆದೆವು. ಬಿಟ್ಟಿತು, ಆದರೆ ಜೊತೆಗೆ ಬಣ್ಣವನ್ನೂ ತಂದಿತು. ನಮ್ಮ ಟಿಂಕರಿಂಗ್ ಭಾಯ್ ನೋಡಿ ನಕ್ಕರು. ‘ಸಾರ್, ಇದು ಮದುವೆ. ಅದು ಬರೀ ಮಾತುಕತೆ’ ಅಂದರು.

ಅವರ ಮಾತನ್ನೇ ಹಿಡಿದು ಈಗ ಹಂಚಿಕೊಂಡಿದ್ದೇನೆ. ಪ್ಯಾನೆಲ್ ಕಾಲು, ಗಾಳಿಕಿಂಡಿಯ ಚೌಕಟ್ಟು, ಅಂದರೆ ಮುಂದೊಂದು ದಿನ ಬಿಚ್ಚಲೇಬೇಕಾದ್ದಕ್ಕೆಲ್ಲ ಕೆಳಗೆ ಬ್ಯೂಟೈಲ್. ಸ್ಕ್ರೂ ತಲೆಗಳ ಮೇಲೆ ಪಿಯು ಒಂದೊಂದು ಬೊಟ್ಟು, ಅದರ ಮೇಲೆ ಬಣ್ಣ. ಚಾವಣಿ ತಗಡಿನ ಜೋಡಣೆಗೆ, ನೀರುಕಾಲುವೆಯ ಸಂದಿಗೆ ಬರೀ ಪಿಯು. ಇನ್ನು ಸಿಲಿಕಾನ್ ಇರುವುದು ಒಳಗೆ, ಸಿಂಕಿನ ಸುತ್ತ ಮಾತ್ರ.

ಡಾಂಬರಿನ ಟೇಪ್ ಹಾಕಬಾರದಾ ಅಂತ ಭಾವ ಕೇಳಿದರು. ಅವರ ಕಾಫಿ ಗೋದಾಮಿನ ಶೀಟಿಗೆ ಅದು ಸರಿ. ನನ್ನ ಗಾಳಿಕಿಂಡಿಗೆ ಮೊದಲು ಅಂಟಿಸಿದ್ದದ್ದು ಅದೇ. ಮೇ ತಿಂಗಳಲ್ಲಿ ಕರಗಿ, ಬಿಳಿ ಬಾಡಿ ಮೇಲೆ ಕಾಡಿಗೆ ಇಳಿದ ಹಾಗೆ ಇಳಿದಿತ್ತು. ಟಾರ್ಪಾಲ್ ಇನ್ನೊಂದು ಉಪಾಯ. ಹತ್ತು ದಿನಕ್ಕೆ ಪರವಾಗಿಲ್ಲ. ಇಡೀ ಮಳೆಗಾಲ ಹೊದಿಸಿಟ್ಟರೆ ಒಳಗೆ ಬೂಸ್ಟು, ಹೊರಗೆ ಗಾಳಿಗೆ ಪಟಪಟ ಬಡಿದು ಬಣ್ಣ ಸವೆತ.

ಕಳೆದ ಆಗಸ್ಟ್‌ನಲ್ಲಿ ಅದೇ ಕಣದಲ್ಲಿ ನಿಲ್ಲಿಸಿದಾಗ ಬೆಳಿಗ್ಗೆ ಹಾಸಿಗೆಯ ಅಂಚು ಮತ್ತೆ ಒದ್ದೆ. ನನ್ನ ಎದೆ ಧಸಕ್ಕೆಂದಿತು. ಮಗ ಬ್ಲೋವರ್ ತಂದ, ಎಲ್ಲೂ ಗುಳ್ಳೆ ಇಲ್ಲ. ಆಮೇಲೆ ಹೊಳೆಯಿತು. ರಾತ್ರಿ ಚಳಿ ಅಂತ ಕಿಟಕಿಯೆಲ್ಲ ಮುಚ್ಚಿ ಗ್ಯಾಸಿನ ಮೇಲೆ ಅಕ್ಕಿ ಬೇಯಿಸಿದ್ದೆವು. ಆ ಹಬೆಯೇ ತಣ್ಣನೆಯ ತಗಡಿಗೆ ತಾಗಿ ಇಳಿದಿತ್ತು. ಈಗ ಒಲೆ ಹಚ್ಚಿದರೆ ಗಾಳಿಕಿಂಡಿ ತೆರೆದೇ ಇರಬೇಕು ಅಂತ ನನ್ನವಳ ಆಜ್ಞೆ. ಚೊಂಬು ಇನ್ನೂ ಮಂಚದ ಕೆಳಗೇ ಇದೆ, ತೆಗೆದಿಡಲು ಅವಳು ಒಪ್ಪಿಲ್ಲ.