ಬ್ಲೂ-ರೇ ಡಬ್ಬಿಯ ಡಿಜಿಟಲ್ ಕೋಡ್ ನಂಬಿ ಡಿಸ್ಕ್ ಬಿಟ್ಟು ಬರಬೇಡಿ

ಅಮೆರಿಕದಲ್ಲಿ ಬ್ಲೂ-ರೇ ಕೊಂಡರೆ ಡಬ್ಬಿಯ ಮೇಲೆ ‘ಬ್ಲೂ-ರೇ + ಡಿವಿಡಿ + ಡಿಜಿಟಲ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಒಳಗೆ ಡಿಸ್ಕಿನ ಎದುರು ಬದಿಗೆ ಸಿಕ್ಕಿಸಿದ ಒಂದು ಚೀಟಿ: ಮೇಲೆ ಕೋಡ್, ಅದರ ಕೆಳಗೆ ವೆಬ್ ವಿಳಾಸ, ಅದಕ್ಕೂ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತುಗಳು. ಊರಿಗೆ ವಾಪಸ್ ಹೊರಟವರು ಎಡವುವುದು ಇಲ್ಲೇ. ಲಗೇಜು ಹೆಚ್ಚಾಯಿತೆಂದು ಡಿಸ್ಕುಗಳನ್ನು ಅಲ್ಲೇ ಯಾರಿಗೋ ಕೊಟ್ಟು, ಚೀಟಿಗಳಿಗಷ್ಟೇ ರಬ್ಬರ್ ಬ್ಯಾಂಡ್ ಹಾಕಿ ತರುತ್ತಾರೆ. ಬೆಂಗಳೂರಿಗೆ ಬಂದು ಕೋಡ್ ಹಾಕಲು ಹೋದರೆ ಈ ಸೇವೆ ನಿಮ್ಮ ದೇಶದಲ್ಲಿಲ್ಲ ಎಂಬ ಉತ್ತರ. ಆ ಹೊತ್ತಿಗೆ ಡಿಸ್ಕೂ ಕೈಲಿಲ್ಲ, ಹಣವೂ ವಾಪಸಿಲ್ಲ.

ಕೋಡ್ ಹಾಕಿದ ತಕ್ಷಣ ಸಿನಿಮಾ ಫೈಲ್ ನಿಮ್ಮ ಸ್ವಂತದ್ದಾಗುತ್ತದೆ ಎಂದುಕೊಳ್ಳಬೇಡಿ. ಒಂದು ಆನ್‌ಲೈನ್ ಅಂಗಡಿಯ ಒಂದು ಅಕೌಂಟಿನಲ್ಲಿ ಆ ಚಿತ್ರ ನೋಡಲು ಅನುಮತಿ ಸಿಗುತ್ತದೆ, ಅಷ್ಟೇ. ಆ ಅಕೌಂಟಿಗೊಂದು ದೇಶ ಇರುತ್ತದೆ. ಅಂಗಡಿ ಮುಚ್ಚಿದರೆ ಅನುಮತಿಯ ಗತಿ ಅವರು ಹೇಳಿದಂತೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಡಿಜಿಟಲ್ ಸರಕನ್ನು ‘ಖರೀದಿಸಿ’ ಎಂದು ಮಾರುವವರು ಇದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಲೇಬೇಕು. ಗ್ರಾಹಕರು ಅಷ್ಟು ಮೋಸ ಹೋದ ಮೇಲೆ ಬಂದ ಕಾನೂನು ಅದು.

ಸುಮಾರು 2008–10ರ ಡಬ್ಬಿಗಳಲ್ಲಿ ಡಿಜಿಟಲ್ ಕಾಪಿ ಎಂದರೆ ಇನ್ನೊಂದು ಡಿಸ್ಕ್. ಅದರೊಳಗೆ ಬೀಗ ಹಾಕಿದ ಫೈಲ್, ಅದು ಕೆಲಸ ಮಾಡಲು ಐಟ್ಯೂನ್ಸ್ ಅಥವಾ ವಿಂಡೋಸ್ ಮೀಡಿಯಾ ಬೇಕು. ವಿಂಡೋಸ್ ಫೈಲ್ ಐಪಾಡಿನಲ್ಲಿ ಓಡುತ್ತಿರಲಿಲ್ಲ. ಕೋಡಿಗೆ ಕೊನೆಯ ದಿನಾಂಕ ಬೇರೆ. ಆಮೇಲೆ ಬಂದ ಅಲ್ಟ್ರಾವಯಲೆಟ್ ಎಂಬ ಆನ್‌ಲೈನ್ ಚಿತ್ರ ಲೈಬ್ರರಿ 2011ರಲ್ಲಿ ಶುರುವಾಗಿ 2019ರ ಜುಲೈ 31ಕ್ಕೆ ಮುಚ್ಚಿತು. ತಮ್ಮ ಲೈಬ್ರರಿಯನ್ನು ಮೊದಲೇ ಯಾವುದಾದರೂ ಅಂಗಡಿಯ ಅಕೌಂಟಿಗೆ ಜೋಡಿಸಿದವರ ಚಿತ್ರಗಳು ಬಹುಪಾಲು ಉಳಿದವು, ಇಮೇಲ್ ನೋಡದೆ ಬಿಟ್ಟವರಿಗೆ ಆ ಭರವಸೆ ಇರಲಿಲ್ಲ. ಅನಿಮೆ (ಜಪಾನಿನ ಕಾರ್ಟೂನ್ ಚಿತ್ರಗಳು) ಇಷ್ಟಪಡುವವರಿಗೆ ಇನ್ನೂ ಗಟ್ಟಿ ಪೆಟ್ಟು ಬಿತ್ತು. ಫನಿಮೇಷನ್ ಸೇವೆ 2024ರ ಏಪ್ರಿಲ್ 2ರಂದು ಮುಚ್ಚಿದಾಗ, ಡಿಸ್ಕ್ ಕೊಂಡು ಅಲ್ಲಿ ಕೋಡ್ ಹಾಕಿದ್ದವರ ಡಿಜಿಟಲ್ ಕಾಪಿಗಳು ಅದನ್ನು ತನ್ನಲ್ಲಿ ಸೇರಿಸಿಕೊಂಡ ಕ್ರಂಚಿರೋಲ್ ಸೇವೆಗೆ ವರ್ಗವಾಗಲಿಲ್ಲ. ಡಿಸ್ಕ್ ಇಟ್ಟುಕೊಂಡವರಿಗೆ ಮಾತ್ರ ಚಿತ್ರ ಉಳಿಯಿತು.

ಈಗ ಹೆಚ್ಚಿನ ಚೀಟಿಗಳು, ಹಲವು ಅಂಗಡಿಗಳ ಖರೀದಿಯನ್ನು ಒಟ್ಟು ಸೇರಿಸುವ ಸೇವೆಯಾದ ಮೂವೀಸ್ ಎನಿವೇರ್‌ಗೆ ಹೋಗುತ್ತವೆ. 2017ರ ಅಕ್ಟೋಬರ್‌ನಲ್ಲಿ ಡಿಸ್ನಿ, ಫಾಕ್ಸ್, ಸೋನಿ, ಯೂನಿವರ್ಸಲ್, ವಾರ್ನರ್ ಚಿತ್ರಗಳೊಂದಿಗೆ ಆರಂಭವಾದದ್ದು ಇದು, ಅಮೆರಿಕಕ್ಕೆ ಮಾತ್ರ. ಪ್ಯಾರಮೌಂಟ್, ಲಯನ್ಸ್‌ಗೇಟ್ ಇದರಲ್ಲಿಲ್ಲ. ಅವರ ಚೀಟಿಗಳು ಸಾಮಾನ್ಯವಾಗಿ ಆ್ಯಪಲ್‌ಗೋ ಫ್ಯಾಂಡಾಂಗೊ ಅಟ್ ಹೋಮ್‌ಗೋ (2024ರವರೆಗೆ ಇದರ ಹೆಸರು ವುಡು) ಹೋಗುತ್ತವೆ. ಎರಡರಲ್ಲಿ ಒಂದನ್ನೇ ಆರಿಸಬೇಕು, ಒಮ್ಮೆ ಹಾಕಿದರೆ ಮುಗಿಯಿತು. ಭಾರತಕ್ಕೆ ಬರುವವರು ಇಲ್ಲಿ ಕಣ್ಣು ಮುಚ್ಚಿ ಆ್ಯಪಲ್ ಆರಿಸುವುದು ಲೇಸು, ಏಕೆಂದರೆ ಫ್ಯಾಂಡಾಂಗೊ ಅಂಗಡಿ ಭಾರತದಲ್ಲಿಲ್ಲ.

ಆದ್ದರಿಂದ ವಿಮಾನ ಹತ್ತುವ ಮೊದಲು, ಅಮೆರಿಕದಲ್ಲಿದ್ದಾಗಲೇ, ಎಲ್ಲ ಕೋಡ್ ಹಾಕಿ ಮುಗಿಸಿ. ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ‘ಐ’ಯೋ ಎಂದು ಗೊಂದಲವಾಗುವ ಕೋಡ್‌ಗಳಿಗೆ ಸಹಾಯವಾಣಿಯವರು ಚೀಟಿಯ ಫೋಟೊ ಕೇಳಬಹುದು, ಹಾಗಾಗಿ ಕೋಡ್ ಹಾಕಿದ ಮೇಲೂ ಚೀಟಿ ಎಸೆಯಬೇಡಿ. ದಿನಾಂಕ ಮೀರಿದ ಕೋಡ್ ಕೆಲವೊಮ್ಮೆ ಓಡುತ್ತದೆ, ಪ್ರಯತ್ನಿಸಿ, ಆದರೆ ಅದನ್ನೇ ನಂಬಿ ಹಳೆಯ ಡಬ್ಬಿ ಕೊಳ್ಳಬೇಡಿ. ಚೀಟಿ ಮಾತ್ರ ಅಗ್ಗಕ್ಕೆ ಮಾರುವವರಿಂದ ದೂರವಿರಿ. ಬಿಡಿ ಮಾರಾಟ ಷರತ್ತಿನಲ್ಲೇ ನಿಷಿದ್ಧ, ಆಗಲೇ ಬಳಸಿದ ಕೋಡ್ ಕೈಗೆ ಬಂದರೆ ಕೇಳುವವರೇ ಇರುವುದಿಲ್ಲ. ಊರಿಗೆ ಬಂದು ವಿಪಿಎನ್ ಹಾಕಿ ಅಮೆರಿಕದಲ್ಲೇ ಇದ್ದಂತೆ ತೋರಿಸಿದರಾಯಿತು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಷರತ್ತಿಗೆ ವಿರುದ್ಧ. ಒಂದು ಚಿತ್ರಕ್ಕಾಗಿ ಇಡೀ ಲೈಬ್ರರಿ ಇರುವ ಅಕೌಂಟನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ.

ಬಂದ ಮೇಲೆ ಮಾಡುವ ದೊಡ್ಡ ತಪ್ಪು, ಆ್ಯಪಲ್ ಅಕೌಂಟಿನ ದೇಶವನ್ನು ಭಾರತಕ್ಕೆ ಬದಲಿಸುವುದು. ಯುಪಿಐ ಬೇಕು, ಇಲ್ಲಿನ ಬ್ಯಾಂಕ್ ಆ್ಯಪ್ ಬೇಕು ಎಂದು ಬದಲಿಸುತ್ತಾರೆ. ಭಾರತದ ಅಂಗಡಿಯಲ್ಲಿ ಇಲ್ಲದ ಚಿತ್ರಗಳು ಆಗ ‘ಖರೀದಿಸಿದ್ದು’ ಪಟ್ಟಿಯಿಂದಲೇ ಕಾಣೆಯಾಗಬಹುದು. ಇದಕ್ಕಿಂತ ಒಳ್ಳೆಯ ದಾರಿ ಇದೆ. ಅಮೆರಿಕದ ಅಕೌಂಟನ್ನು ಹಾಗೇ ಬಿಟ್ಟು, ಭಾರತದ್ದು ಇನ್ನೊಂದು ಹೊಸದಾಗಿ ಮಾಡಿ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೇಲಿರುವ ನಿಮ್ಮ ಹೆಸರು ಒತ್ತಿ ‘ಮೀಡಿಯಾ ಆ್ಯಂಡ್ ಪರ್ಚೇಸಸ್’ಗೆ ಹೋದರೆ, ಐಕ್ಲೌಡ್ ಮುಟ್ಟದೆ ಅಂಗಡಿಯ ಅಕೌಂಟ್ ಮಾತ್ರ ಬದಲಿಸಬಹುದು. ಆದರೆ ದಿನಕ್ಕೊಂದು ಸಲ ಆಚೀಚೆ ಮಾಡಲಾಗದು. ಹಳೆಯ ಖರೀದಿಯನ್ನು ಒಂದು ಅಕೌಂಟಿನಿಂದ ಡೌನ್‌ಲೋಡ್ ಮಾಡಿದರೆ ಆ ಸಾಧನ ಆ ಅಕೌಂಟಿಗೆ 90 ದಿನ ಅಂಟಿಕೊಳ್ಳಬಹುದು. ಅದಕ್ಕೆ ಫೋನಿನಲ್ಲಿ ಭಾರತದ ಅಕೌಂಟ್, ಟಿವಿಗೆ ಜೋಡಿಸಿದ ಆ್ಯಪಲ್ ಟಿವಿ ಪೆಟ್ಟಿಗೆಯಲ್ಲಿ ಅಮೆರಿಕದ್ದು ಎಂದು ಸಾಧನಗಳನ್ನೇ ಬೇರೆ ಮಾಡಿಬಿಡಿ.

ಗೂಗಲ್ ಪ್ಲೇಯಲ್ಲಿ ದೇಶ ಬದಲಿಸಲು ವರ್ಷಕ್ಕೆ ಒಂದೇ ಅವಕಾಶ, ತಪ್ಪಾಯಿತೆಂದು ಮರುದಿನ ಹಿಂದಿರುಗಲು ಆಗದು. ಹಳೆಯ ದೇಶದ ಬ್ಯಾಲೆನ್ಸ್ ಹೊಸ ದೇಶದಲ್ಲಿ ಬಳಕೆಗೆ ಬಾರದು, ಕೊಂಡ ಚಿತ್ರಗಳೂ ಸಿಗದೆ ಹೋಗಬಹುದು.

ಇಷ್ಟೆಲ್ಲ ಸರಿ ಮಾಡಿಕೊಂಡವರಿಗೂ ಮನೆಯ ಟಿವಿ ಮುಂದೆ ಇನ್ನೊಂದು ಗೋಡೆ ಎದುರಾಗುತ್ತದೆ: ಎಚ್‌ಡಿಸಿಪಿ. ಚಿತ್ರ ಹೊರಡುವ ಪೆಟ್ಟಿಗೆಯೂ ಅದನ್ನು ತೋರಿಸುವ ಪರದೆಯೂ ಪರಸ್ಪರ ಗುರುತು ಹೇಳಿಕೊಳ್ಳುವ ವ್ಯವಸ್ಥೆ ಇದು. 4ಕೆ ಚಿತ್ರಕ್ಕೆ ಆವೃತ್ತಿ 2.2 ಅಥವಾ ಅದಕ್ಕಿಂತ ಹೊಸದು ಬೇಕು, ಅದೂ ದಾರಿಯಲ್ಲಿರುವ ಪ್ರತಿಯೊಂದು ಸಾಧನದಲ್ಲೂ. ಮಧ್ಯೆ ಹಳೆಯ ಹೋಮ್ ಥಿಯೇಟರ್ ರಿಸೀವರ್ ಒಂದಿದ್ದರೆ ಸಾಕು, ಚಿತ್ರ 1080ಪಿಗೆ ಇಳಿಯುತ್ತದೆ ಅಥವಾ ಪರದೆ ಪೂರ್ತಿ ಕಪ್ಪಾಗುತ್ತದೆ. ಆಗ ಪೆಟ್ಟಿಗೆಯನ್ನು ನೇರ ಟಿವಿಗೆ ಜೋಡಿಸಿ, ರಿಸೀವರಿಗೆ ಟಿವಿಯ ಎಆರ್‌ಸಿ (ಧ್ವನಿ ಹೊರಗೆ ಕಳಿಸುವ) ಪೋರ್ಟಿನಿಂದ ಧ್ವನಿ ಮಾತ್ರ ಕೊಡಿ. ಮೊದಲ ತಲೆಮಾರಿನ ಕೆಲವು 4ಕೆ ಟಿವಿಗಳಲ್ಲಿ 2.2 ಇರುವುದು ಒಂದೋ ಎರಡೋ ಎಚ್‌ಡಿಎಂಐ ಪೋರ್ಟಿನಲ್ಲಿ ಮಾತ್ರ, ಪೋರ್ಟ್ ಬದಲಿಸಿ ನೋಡಿ. ಆ ಪೋರ್ಟಿಗೆ ಪೂರ್ಣ ವೇಗ ತೆರೆಯುವ ಆಯ್ಕೆಯೂ ಬೇರೆ ಇರುತ್ತದೆ: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಸೋನಿಯಲ್ಲಿ ‘ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್’, ಎಲ್‌ಜಿಯಲ್ಲಿ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ‘ಎಚ್‌ಡಿಸಿಪಿ ಕೇಬಲ್’ ಕೇಳಬೇಡಿ. ಎಚ್‌ಡಿಸಿಪಿ ಇರುವುದು ಸಾಧನದ ಚಿಪ್‌ನಲ್ಲಿ, ಸಾಮಾನ್ಯ ತಾಮ್ರದ ಕೇಬಲಿಗೆ ಬೇಕಾದದ್ದು ವೇಗ. 60 ಹರ್ಟ್ಸ್‌ನ 4ಕೆ ಎಚ್‌ಡಿಆರ್‌ಗೆ 18 ಗಿಗಾಬಿಟ್‌ನ ‘ಪ್ರೀಮಿಯಂ ಹೈ ಸ್ಪೀಡ್’ ಸಾಕು. ಹಳೆಯ ಪ್ರೊಜೆಕ್ಟರಿಗೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಚಿಕ್ಕ ಅಡಾಪ್ಟರ್ ಕೊಳ್ಳುವುದಂತೂ ದಂಡ. ವಿಜಿಎಯಲ್ಲಿ ಎಚ್‌ಡಿಸಿಪಿ ಇಲ್ಲವೇ ಇಲ್ಲ. ಡೆಸ್ಕ್‌ಟಾಪ್, ಪವರ್‌ಪಾಯಿಂಟ್ ಎಲ್ಲ ಚೆನ್ನಾಗಿ ಕಾಣಿಸಿ, ಖರೀದಿಸಿದ ಚಿತ್ರ ಒತ್ತಿದ ಕೂಡಲೇ ಕಪ್ಪು.

ಫೋನುಗಳ ಕಥೆ ಬೇರೆ. ಆಂಡ್ರಾಯ್ಡ್‌ನಲ್ಲಿ ವೈಡ್‌ವೈನ್ ಎಂಬ ಬೀಗವಿದೆ, ಅದಕ್ಕೆ ಭದ್ರತೆಯ ಮಟ್ಟಗಳಿವೆ. ಎಲ್ 1 ಇದ್ದರೆ ಎಚ್‌ಡಿ, ಎಲ್ 3 ಇದ್ದರೆ ಹೆಚ್ಚಿನ ಸೇವೆಗಳಲ್ಲಿ 480ಪಿ ಆಸುಪಾಸು. ಪರದೆ ಎಷ್ಟೇ ಚೆನ್ನಾಗಿರಲಿ, ವ್ಯತ್ಯಾಸವಿಲ್ಲ. 2018ರಲ್ಲಿ ಭಾರತದಲ್ಲಿ ಭಾರಿ ಮಾರಾಟವಾದ ಪೋಕೊ ಎಫ್ 1 ಬಿಡುಗಡೆಯಾದಾಗ ಇದ್ದದ್ದು ಎಲ್ 3. ಎಲ್ 1 ಬಂದದ್ದು ಮರುವರ್ಷದ ಅಪ್‌ಡೇಟಿನಲ್ಲಿ. ಬೇರೆ ಸಾಫ್ಟ್‌ವೇರ್ ಹಾಕಲೆಂದು ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಹಲವು ಫೋನುಗಳು ಎಲ್ 3ಕ್ಕೆ ಬೀಳುತ್ತವೆ. ‘ಡಿಆರ್‌ಎಂ ಇನ್ಫೊ’ ಎಂಬ ಉಚಿತ ಆ್ಯಪ್ ಹಾಕಿ ‘ಸೆಕ್ಯುರಿಟಿ ಲೆವೆಲ್’ ಸಾಲು ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅಗ್ಗದ ಹೆಸರಿಲ್ಲದ ಆಂಡ್ರಾಯ್ಡ್ ಟಿವಿ ಪೆಟ್ಟಿಗೆ ಕೊಳ್ಳುವವರು ಅಂಗಡಿಯಲ್ಲೇ ಇದನ್ನು ಹಾಕಿ ನೋಡಬೇಕು. ಪೆಟ್ಟಿಗೆಯ ಮೇಲೆ ‘4ಕೆ’ ಎಂದು ಬರೆದಿದ್ದಕ್ಕೂ ಎಲ್ 1 ಇರುವುದಕ್ಕೂ ಸಂಬಂಧವಿಲ್ಲ.

ಇನ್ನು ಪೆನ್‌ಡ್ರೈವ್. ಆ್ಯಪಲ್‌ನಿಂದ ಕಂಪ್ಯೂಟರಿಗೆ ಇಳಿಸಿದ ಎಂ4ವಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದರೆ ‘ಫೈಲ್ ಬೆಂಬಲಿತವಲ್ಲ’ ಎನ್ನುತ್ತದೆ. ಫೈಲ್ ಕೆಟ್ಟಿಲ್ಲ, ಪೆನ್‌ಡ್ರೈವೂ ಸರಿಯಿದೆ. ಅದರ ಮೇಲಿನ ಫೇರ್‌ಪ್ಲೇ ಬೀಗ ತೆಗೆಯುವುದು ಆ ಅಕೌಂಟಿಗೆ ಒಪ್ಪಿಗೆ ಪಡೆದ ಸಾಧನದಲ್ಲಿ ಆ್ಯಪಲ್‌ನ ಸಾಫ್ಟ್‌ವೇರ್ ಮಾತ್ರ. ವಿಎಲ್‌ಸಿ ಪ್ಲೇಯರಿನಿಂದಲೂ ಆಗದು.

ಹಾಗಾದರೆ ಡಿಸ್ಕನ್ನೇ ತರೋಣ ಎಂದರೆ ಅಲ್ಲೂ ನೋಡಿಕೊಳ್ಳಬೇಕಾದ್ದಿದೆ. ಬ್ಲೂ-ರೇಗೆ ಅಮೆರಿಕ ‘ಎ’ ವಲಯ, ಭಾರತ ‘ಸಿ’ ವಲಯ. ಡಿವಿಡಿಗೆ ಅಲ್ಲಿ 1, ಇಲ್ಲಿ 5. ಇಲ್ಲಿ ಕೊಂಡ ಪ್ಲೇಯರ್ ಅಲ್ಲಿನ ವಲಯ ಬೀಗದ ಡಿಸ್ಕನ್ನು ಹೊರಗೆ ತಳ್ಳುತ್ತದೆ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ವಲಯದ ಬೀಗವಿಲ್ಲ, ಆದರೆ ಅದೇ ಡಬ್ಬಿಯ ಸಾಮಾನ್ಯ ಬ್ಲೂ-ರೇಗೆ ಇರಬಹುದು. ಹಾಗಾಗಿ ಅಲ್ಲಿನ ಪ್ಲೇಯರನ್ನೂ ಜೊತೆಗೆ ತನ್ನಿ. ಅದರ ಹಿಂಭಾಗದ ಅಥವಾ ಅಡಾಪ್ಟರಿನ ಚೀಟಿಯಲ್ಲಿ ‘100–240 ವೋಲ್ಟ್’ ಎಂದಿದ್ದರೆ ಪ್ಲಗ್ ಮಾತ್ರ ಬದಲಿಸಿದರೆ ಸಾಕು. ಬರೀ ‘120 ವೋಲ್ಟ್, 60 ಹರ್ಟ್ಸ್’ ಎಂದಿದ್ದು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಚಿತ್ರ ಬಂದು ಧ್ವನಿ ಬಾರದಿದ್ದರೆ ಡಿಸ್ಕನ್ನು ಬೈಯಬೇಡಿ. 2018ರಿಂದೀಚಿನ ಸ್ಯಾಮ್‌ಸಂಗ್ ಟಿವಿಗಳು ಡಿಟಿಎಸ್ ಎಂಬ ಮಾದರಿಯ ಧ್ವನಿ ಬಿಡಿಸುವುದಿಲ್ಲ. ಪ್ಲೇಯರಿನ ಆಡಿಯೊ ಔಟ್‌ಪುಟ್ ‘ಬಿಟ್‌ಸ್ಟ್ರೀಮ್’ ಇದ್ದದ್ದನ್ನು ‘ಪಿಸಿಎಂ’ ಮಾಡಿದರೆ ಧ್ವನಿ ಬರುತ್ತದೆ. ಕಂಪ್ಯೂಟರಿನಲ್ಲಿ 4ಕೆ ಡಿಸ್ಕ್ ನೋಡುವ ಆಸೆ ಇದ್ದರೆ ಬಿಡಿ: ಅದಕ್ಕೆ ಬೇಕಾದ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯವನ್ನು ಇಂಟೆಲ್ 11ನೇ ಪೀಳಿಗೆಯಿಂದ ಮುಂದಿನ ತನ್ನ ಕೋರ್ ಚಿಪ್‌ಗಳಲ್ಲಿ ಕೈಬಿಟ್ಟಿದೆ.

ಹೊಸ ಸಾಧನ ಕೊಂಡಾಗಲೆಲ್ಲ ಟ್ರೇಲರ್ ಹಾಕಿ ‘ಓಡುತ್ತಿದೆ’ ಎಂದು ತೃಪ್ತರಾಗಬೇಡಿ. ಟ್ರೇಲರಿಗೆ ಸಾಮಾನ್ಯವಾಗಿ ಬೀಗವೇ ಇರುವುದಿಲ್ಲ, ಹಾಗಾಗಿ ಅದು ವಿಜಿಎ ಅಡಾಪ್ಟರಿನಲ್ಲೂ ಓಡುತ್ತದೆ. ಅದೇ ಅಂಗಡಿಯಿಂದ ಒಂದು ಅಗ್ಗದ ಚಿತ್ರವನ್ನು ಬಾಡಿಗೆಗೆ ತೆಗೆದು, ನೀವು ನಿಜವಾಗಿ ನೋಡುವ ಪರದೆಯಲ್ಲಿ, ನಿಜವಾಗಿ ಬಳಸುವ ಕೇಬಲಿನಲ್ಲಿ ಹತ್ತು ನಿಮಿಷ ಓಡಿಸಿ. ಬಾಡಿಗೆ ತೆಗೆದ ಮೇಲೆ ಶುರು ಮಾಡಲು ಸಾಮಾನ್ಯವಾಗಿ 30 ದಿನ, ಶುರು ಮಾಡಿದ ಮೇಲೆ ಮುಗಿಸಲು 48 ಗಂಟೆ ಇರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಶುಕ್ರವಾರ ಸಂಜೆಗೆ ಇಟ್ಟುಕೊಂಡರೆ ಚಿತ್ರವನ್ನು ಪೂರ್ತಿ ನೋಡಲೂ ಆಗುತ್ತದೆ.