ಇ-ಬರ್ಡ್, ಮರ್ಲಿನ್: ಚಳಿಗಾಲದ ಕೆರೆ ಸುತ್ತಾಟಕ್ಕೆ ಎಷ್ಟು ಉಪಯೋಗ?

ಡಿಸೆಂಬರ್ ಬಂತು ಅಂದರೆ ನಮ್ಮ ಮೈಸೂರಿನ ಹಕ್ಕಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಹದಿನಾರು ಕೆರೆಗೆ ಹೆಬ್ಬಾತು ಬಂದ್ವಾ?" ಒಬ್ಬರು ಮಸುಕಾದ ಫೋಟೋ ಹಾಕುತ್ತಾರೆ, ಇನ್ನೊಬ್ಬರು "ಸೂಪರ್ ಸಾರ್" ಅನ್ನುತ್ತಾರೆ, ಅಷ್ಟರಲ್ಲಿ ಯಾರೋ ಶುಭೋದಯದ ಗುಲಾಬಿ ಹೂ ಕಳಿಸುತ್ತಾರೆ. ಎರಡು ದಿನ ಬಿಟ್ಟು ಹುಡುಕಿದರೆ ಆ ಸುದ್ದಿ ಎಲ್ಲೋ ಮೇಲೆ ಹೋಗಿರುತ್ತದೆ. ಮುಂದಿನ ವರ್ಷಕ್ಕಂತೂ ಸಿಗೋದೇ ಇಲ್ಲ. ಈ ಕಾಟಕ್ಕೆ ನನಗೆ ಗೊತ್ತಿರುವ ಒಳ್ಳೇ ಮದ್ದು ಇ-ಬರ್ಡ್, ಅಂದರೆ ಕಂಡ ಹಕ್ಕಿಗಳ ಪಟ್ಟಿ ಇಡುವ ಆ್ಯಪ್. ಅದರ ಜೊತೆಗೆ ಹಕ್ಕಿ ಗುರುತಿಸಿಕೊಡುವ ಆ್ಯಪ್ ಮರ್ಲಿನ್. ಎರಡನ್ನೂ ನಡೆಸುವುದು ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯ, ಎರಡಕ್ಕೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಇ-ಬರ್ಡ್ ಶುರುವಾಗಿದ್ದು 2002ರಲ್ಲಿ. ಕೆಲಸ ಸರಳ. ಕೆರೆ ಏರಿ ಹತ್ತುವಾಗ ಒಂದು ಬಟನ್ ಒತ್ತಿದರೆ ಸಾಕು, ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಅನ್ನೋದನ್ನು ಅದೇ ನೋಡಿಕೊಳ್ಳುತ್ತದೆ. ನೀವು ಹಕ್ಕಿ ಹೆಸರು, ಸಂಖ್ಯೆ ಹಾಕುತ್ತಾ ಹೋಗಬೇಕು. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಮನೆಗೆ ಬಂದು ಕಳಿಸಬಹುದು. ನಮ್ಮ ಕಡೆಯ ಅರ್ಧ ಕೆರೆಗಳಲ್ಲಿ ಸಿಗ್ನಲ್ ಸಿಗದೆ ಇರೋದರಿಂದ ಇದು ದೊಡ್ಡ ಉಪಕಾರ.

ಕೊನೆಯಲ್ಲಿ ಅದು ಒಂದು ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಿದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಅಥವಾ ಇಲ್ಲ. ಇಡೀ ಆ್ಯಪ್‌ನ ಜೀವ ಇರೋದು ಈ ಪ್ರಶ್ನೆಯಲ್ಲಿ ಅಂತ ನನ್ನ ಅಭಿಪ್ರಾಯ. 'ಹೌದು' ಅನ್ನಬೇಕಾದರೆ ಕಾಗೆ, ಗೊರವಂಕ, ನಾಮದ ಕೋಳಿ ಎಲ್ಲವನ್ನೂ ಬರೆಯಬೇಕು. ಹೊಸಬರು "ಕಾಗೆ ಯಾಕ್ರೀ ಬರೀಬೇಕು?" ಅಂತಾರೆ. ಎಲ್ಲಾ ಬರೆದಿದ್ದರೆ ತಾನೇ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅವತ್ತು ಕಾಣಲಿಲ್ಲ ಅಂತ ಗೊತ್ತಾಗೋದು. ನೂರು ಪಟ್ಟಿಯಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಇದೆ, ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯಾ ಕಡಿಮೆಯಾಗುತ್ತಿದೆಯಾ ಅನ್ನೋ ಲೆಕ್ಕ ಹುಟ್ಟೋದು ಅಲ್ಲಿಂದ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಜಾತಿಗಳನ್ನು ನೋಡಿದ್ದು ಇಂಥ ಪಟ್ಟಿಗಳನ್ನು ಇಟ್ಟುಕೊಂಡೇ. ತುಂಬಾ ಇಳಿದಿವೆ, ಮತ್ತೆ ಗಮನ ಕೊಡಬೇಕು ಅಂತ ಅದು ಹೇಳಿದ ಜಾತಿಗಳಲ್ಲಿ ನಮ್ಮ ರಾಜ್ಯದ ಹಕ್ಕಿ ನೀಲಕಂಠ ಇದೆ, ಚಳಿಗಾಲಕ್ಕೆ ಬರುವ ಚಲುಕದ ಬಾತು ಇದೆ, ಕೆರೆ ಅಂಚಿನಲ್ಲಿ ಹಿಂಭಾಗ ಕುಣಿಸುತ್ತಾ ಓಡಾಡುವ ಗದ್ದೆಗೊರವವೂ ಇದೆ. ಇವೆಲ್ಲ "ಅಯ್ಯೋ, ದಿನಾ ಕಾಣುತ್ತವಲ್ಲ" ಅಂತ ಬರೆಯದೆ ಬಿಡುವ ಹಕ್ಕಿಗಳೇ ಅಲ್ವಾ?

ಗುಂಪಿನಲ್ಲಿ ಹೋಗುವವರಿಗೆ ಇನ್ನೊಂದು ಒಳ್ಳೇ ಸೌಲಭ್ಯ. ನಾಲ್ಕು ಜನ ಹೋದರೆ ಒಬ್ಬರು ಪಟ್ಟಿ ಮಾಡಿ ಉಳಿದವರಿಗೆ ಹಂಚಬಹುದು. ಪ್ರತಿಯೊಬ್ಬರಿಗೂ ಅವರದೇ ಪ್ರತಿ ಬರುತ್ತದೆ. ನಿಮಗೆ ಕಾಣದ ಹಕ್ಕಿಯನ್ನು ನಿಮ್ಮ ಪ್ರತಿಯಿಂದ ತೆಗೆಯಬಹುದು, ಆದರೆ ಲೆಕ್ಕ ಹಾಕುವಾಗ ನಾಲ್ಕೂ ಸೇರಿ ಒಂದೇ ಭೇಟಿ. ಹೀಗಾಗಿ ಮೂವರು ಬೈನಾಕ್ಯುಲರ್ ಹಿಡಿದು ಕೂಗುತ್ತಾರೆ, ಒಬ್ಬರು ಬರೆಯುತ್ತಾರೆ. ನಮ್ಮಲ್ಲಿ ಬರೆಯೋ ಕೆಲಸ ಯಾವಾಗಲೂ ವಯಸ್ಸಿನಲ್ಲಿ ಚಿಕ್ಕವರ ತಲೆಗೆ ಬೀಳುತ್ತದೆ, ಅದಕ್ಕೆ ಆ್ಯಪ್ ಏನೂ ಮಾಡೋಕಾಗಲ್ಲ.

ಸಂಖ್ಯೆ ಜಾಸ್ತಿ ಹಾಕಿದರೆ, ಅಥವಾ ಈ ಊರಲ್ಲಿ ಈ ಕಾಲಕ್ಕೆ ಸಿಗದ ಹಕ್ಕಿ ಹಾಕಿದರೆ ಅದು ತಡೆದು ನಿಲ್ಲಿಸಿ ವಿವರ ಕೇಳುತ್ತದೆ. ಆಮೇಲೆ ಆ ಪ್ರದೇಶದ ಸ್ವಯಂಸೇವಕರೊಬ್ಬರು ನೋಡುತ್ತಾರೆ. ನಮ್ಮ ಗುಂಪಿನ ಒಬ್ಬ ಹುಡುಗ ಸೂಜಿಬಾಲದ ಬಾತುಗಳ ದೊಡ್ಡ ಹಿಂಡು ನೋಡಿ ಸಾವಿರದ ಮೇಲೆ ಸಂಖ್ಯೆ ಬರೆದ. "ಹೇಗೆ ಎಣಿಸಿದಿರಿ, ಫೋಟೋ ಇದೆಯಾ" ಅಂತ ಮರ್ಯಾದೆಯಾಗಿಯೇ ಮೇಲ್ ಬಂತು. ಅವನಿಗೆ ಮೊದಲು ಸಿಟ್ಟು. ಆಮೇಲೆ ಫೋಟೋ ತೆಗೆದುಕೊಂಡು ಐವತ್ತು ಬಾತು ಎಣಿಸಿದ, ಆ ಐವತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿದ, ಅಂಥ ಜಾಗ ಹಿಂಡಿನಲ್ಲಿ ಎಷ್ಟಿವೆ ಅಂತ ಗುಣಿಸಿದ. ಹಿಂಡು ಎಣಿಸುವ ಪಾಠ ಪುಕ್ಕಟೆ ಸಿಕ್ಕಿತು. ಒಪ್ಪಿಗೆಯಾಗದ ದಾಖಲೆಯೂ ನಿಮ್ಮ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೆ, ಸಾರ್ವಜನಿಕ ಲೆಕ್ಕಕ್ಕೆ ಮಾತ್ರ ಹೋಗಲ್ಲ. ಆದ್ದರಿಂದ ಮುನಿಸಿಕೊಳ್ಳೋದು ಬೇಡ.

ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆ ಥರದ ಜಾಗಗಳಿಗೆ ಬಾರ್ ಚಾರ್ಟ್ ಅಂತ ಒಂದಿದೆ. ವಾರ ವಾರಕ್ಕೆ ಯಾವ ಹಕ್ಕಿ ಎಷ್ಟು ಸಲ ಕಂಡಿದೆ ಅಂತ ಹಸಿರು ಗೆರೆಯಲ್ಲಿ ತೋರಿಸುತ್ತದೆ. ಬೂದು ಸಿಪಿಲೆಯ ಗೆರೆ ಬೇಸಿಗೆಯಲ್ಲಿ ಖಾಲಿ, ಮಳೆ ಮುಗಿಯುವ ಹೊತ್ತಿಗೆ ಮತ್ತೆ ಶುರು. ವಲಸೆ ಅಂದರೆ ಏನು ಅಂತ ಮಕ್ಕಳಿಗೆ ಹೇಳಿಕೊಡೋಕೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ.

ಈಗ ಮರ್ಲಿನ್. ಇದರ ಸದ್ದು ಗುರುತಿಸುವ ಸೌಲಭ್ಯ 2021ರಲ್ಲಿ ಬಂತು. ಚಳಿಗಾಲದಲ್ಲಿ ನಮಗೆ ಅತಿ ಹೆಚ್ಚು ಕಾಟ ಕೊಡುವುದು ವಾರ್ಬ್ಲರ್‌ಗಳು, ಅಂದರೆ ಉಲಿಯಕ್ಕಿಗಳು. ಎಲ್ಲಾ ಕಂದು ಅಥವಾ ಮಾಸಲು ಹಸಿರು, ಎಲೆ ಮರೆಯಿಂದ ಹೊರಗೆ ಬರೋದೇ ಇಲ್ಲ. ಬೇಲಿಯ ಲಂಟಾನ ಪೊದೆಯೊಳಗೆ ಎರಡು ಬೆಣಚುಕಲ್ಲು ತಾಕಿಸಿದ ಹಾಗೆ 'ಚಕ್, ಚಕ್' ಅಂತ ಕೇಳಿದರೆ ಅದು ಬ್ಲಿತ್ಸ್ ರೀಡ್ ವಾರ್ಬ್ಲರ್. ಮರದ ಮೇಲಿಂದ 'ಚಿಸ್‌ವಿ' ಅಂತ ಎರಡು ತುಂಡಾಗಿ ಬಂದರೆ ಗ್ರೀನಿಷ್ ವಾರ್ಬ್ಲರ್. ಫೋನ್ ಹಿಡಿದು ನಿಂತರೆ ಕೂಗಿದ ಕ್ಷಣಕ್ಕೇ ಹೆಸರು ಹೊಳೆಯುತ್ತದೆ, ಒಂದು ವಾರ ಹೀಗೆ ಕೇಳಿದರೆ ಕಿವಿಗೇ ಕೂತುಬಿಡುತ್ತದೆ. ಭಾರತದ ಪ್ಯಾಕ್ ಮೊದಲೇ ಇಳಿಸಿಕೊಂಡಿದ್ದರೆ ನೆಟ್ ಬೇಕಿಲ್ಲ.

ಆದರೆ ಮರ್ಲಿನ್ ಹೇಳಿದ್ದನ್ನೆಲ್ಲ ಹಾಗೇ ಇ-ಬರ್ಡ್‌ಗೆ ತುಂಬಬೇಡಿ, ದಯವಿಟ್ಟು. ಕಾಡಿನ ಅಂಚಿನಲ್ಲಿ ಭೀಮರಾಜ ಹಕ್ಕಿ ಇದ್ದರೆ ಅದು ಊರಿನ ಹಕ್ಕಿಗಳ ಧ್ವನಿಯನ್ನೆಲ್ಲ ಅಣಕಿಸುತ್ತದೆ, ಆ್ಯಪ್ ಅದನ್ನೂ ನಂಬಬಹುದು. ಅದು ಸುಳಿವು ಕೊಡುತ್ತದೆ ಅಷ್ಟೇ. ಕತ್ತೆತ್ತಿ ನೋಡುವ ಕೆಲಸ ನಮ್ಮದೇ.

ಕೊರತೆಗಳೂ ಇವೆ. ಇ-ಬರ್ಡ್‌ನಲ್ಲಿ ಜಿಲ್ಲೆ, ರಾಜ್ಯ ಅಂತ ಹೆಚ್ಚು ಜಾತಿಯ ಹಕ್ಕಿ ಕಂಡ ಮೊದಲ ನೂರು ಜನರ ಪಟ್ಟಿ ತೋರಿಸುತ್ತಾರಲ್ಲ, ಅದು ನನಗೆ ಒಂಚೂರೂ ಹಿಡಿಸಲ್ಲ. ಅದರ ಹುಚ್ಚಿಗೆ ಬಿದ್ದವರು ಒಂದೇ ಹಕ್ಕಿಗೋಸ್ಕರ ನೂರಾರು ಕಿಲೋಮೀಟರ್ ಕಾರು ಓಡಿಸುತ್ತಾರೆ, ಮನೆ ಪಕ್ಕದ ಕೆರೆಗೆ ಕಾಲಿಡಲ್ಲ. ವರ್ಷಕ್ಕೊಮ್ಮೆ ಇಂಗ್ಲಿಷ್ ಹೆಸರು ಬದಲಾಗುವುದೂ ತಲೆನೋವು. ಪರ್ಪಲ್ ಸ್ವಾಂಪ್‌ಹೆನ್ ಹೋಗಿ ಗ್ರೇ-ಹೆಡೆಡ್ ಆಯಿತು, ನಮ್ಮ ಬಾಯಲ್ಲಿ ಅದು ಇವತ್ತಿಗೂ ಜಂಬುಕೋಳಿಯೇ. ಇನ್ನೊಂದು ಮುಖ್ಯ ವಿಷಯ, ಜಾಗ ಬಯಲಾಗುವುದು. ಎರೆಬೂತದಂಥ ಅಳಿವಿನಂಚಿನ ಹಕ್ಕಿಗಳ ಜಾಗವನ್ನು ಇ-ಬರ್ಡ್ ತಾನಾಗಿಯೇ ಮರೆಮಾಚುತ್ತದೆ, ಅದು ಸರಿ. ಆದರೆ ಹಗಲಲ್ಲಿ ಮರದಲ್ಲಿ ಮಲಗುವ ಸಾಮಾನ್ಯ ಗೂಬೆಗೆ ಆ ರಕ್ಷಣೆ ಇಲ್ಲ. ಯಾವ ಮರ ಅಂತ ಟಿಪ್ಪಣಿಯಲ್ಲಿ ಬರೆಯದೆ ಸುಮ್ನೆ ಇರೋದು ಒಳ್ಳೇದು, ಇಲ್ಲದಿದ್ದರೆ ಭಾನುವಾರದ ಹೊತ್ತಿಗೆ ಆ ಮರದ ಕೆಳಗೆ ಕ್ಯಾಮೆರಾ ಜಾತ್ರೆ.

ಯಾರಿಗೆ ಬೇಡ? ಹಕ್ಕಿ ನೋಡೋದು ಬರೀ ಮನಸ್ಸು ಹಗುರಾಗಲಿ ಅಂತ, ಲೆಕ್ಕ ಪತ್ರ ಬೇಡ ಅನ್ನುವವರಿಗೆ ಇ-ಬರ್ಡ್ ಕಿರಿಕಿರಿ. ಅವರು ಮರ್ಲಿನ್ ಮಾತ್ರ ಇಟ್ಟುಕೊಳ್ಳಲಿ. ಉಳಿದವರಿಗೆ ಇ-ಬರ್ಡ್‌ಗೆ ಐದಕ್ಕೆ ನಾಲ್ಕೂವರೆ, ಮರ್ಲಿನ್‌ಗೆ ನಾಲ್ಕು. ಶುರು ಮಾಡೋಕೆ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಒಳ್ಳೇ ಸಮಯ. ಭಾರತದಲ್ಲಿ ಅದು 2013ರಿಂದ ನಡೆಯುತ್ತಿದೆ, ಹದಿನೈದು ನಿಮಿಷ ತಾರಸಿ ಮೇಲೆ ನಿಂತರೂ ಸಾಕು. ಕೆರೆಗೆ ಹೋಗುವುದಾದರೆ ಪವರ್ ಬ್ಯಾಂಕ್ ಮರೆಯಬೇಡಿ, ನಡೆದ ದಾರಿ ಗುರುತಿಸುತ್ತಾ ಫೋನ್ ಬ್ಯಾಟರಿ ಬೇಗ ಕುಡಿಯುತ್ತದೆ.